ಮೇಲಿನ ಮಹಡಿ ಎಂಬ ನೆರೆದೇಶ

ಕಟ್ಟಡಗಳ ತಂಪು ಬೇಡಿಕೆ ಹೋಲಿಕಾ ಇಲಾಖೆಯು ಸ್ಥಾಪನೆಯಾದ ದಿನದಿಂದಲೂ ಯಾವುದನ್ನೂ ಯಾವುದಕ್ಕೂ ಹೋಲಿಸಿರಲಿಲ್ಲ. ಹೋಲಿಸಲು ಎರಡು ದೇಶ ಬೇಕು, ಇಲಾಖೆಯ ಕೈಯಲ್ಲಿದ್ದದ್ದು ಒಂದೇ. ನೆರೆದೇಶಕ್ಕೆ ಬರೆದ ಪತ್ರಗಳಿಗೆ ಉತ್ತರವಿರಲಿಲ್ಲ. ನಿರ್ದೇಶಕರು ಖುದ್ದು ಅಲ್ಲಿಗೆ ಹೋಗಿಬಂದು, ಹೋಟೆಲಿನ ಎ.ಸಿ. ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಬೇಕಾಗಿ ಬಂದದ್ದರಿಂದ ಆ ದೇಶದಲ್ಲಿ ಸೆಖೆಯೇ ಇಲ್ಲವೆಂದು ವರದಿ ಕೊಟ್ಟಿದ್ದರು. ಮೇಲಿನವರಿಗೆ ಅದು ಸಾಲಲಿಲ್ಲ. ಬಿಸಿಲೇರಿದಂತೆ ಎರಡೂ ದೇಶಗಳ ಬೇಡಿಕೆ ಎಷ್ಟೆಷ್ಟು ಏರುತ್ತದೆಂಬುದನ್ನು ಮಳೆಗಾಲಕ್ಕೆ ಮುಂಚೆ ತಿಳಿಸತಕ್ಕದ್ದು ಎಂದು ಆದೇಶ ಬಂತು. ಬೇಸಿಗೆಯಾಗಲೇ ತಲೆಯ ಮೇಲೆ ಬಂದು ಕೂತಿತ್ತು.

ಆಗ ನಿರ್ದೇಶಕರು ಒಂದು ಪ್ರಕಟಣೆ ಹೊರಡಿಸಿದರು: "ಸಾರ್ವಜನಿಕ ಹಣದ ಉಳಿತಾಯದ ದೃಷ್ಟಿಯಿಂದ, ಇಂದಿನಿಂದ ಈ ಕಟ್ಟಡದ ಕೆಳಮಹಡಿಯನ್ನು ಸ್ವದೇಶವೆಂದೂ ಮೇಲ್ಮಹಡಿಯನ್ನು ನೆರೆದೇಶವೆಂದೂ ಪರಿಗಣಿಸತಕ್ಕದ್ದು. ಮೆಟ್ಟಿಲೇ ಗಡಿ. ಉಭಯ ದೇಶಗಳ ಪ್ರಜೆಗಳು ಸಹಕರಿಸುವುದು."

ಪ್ರಜೆಗಳು ಸಹಕರಿಸಿದರು. ಕಸಿವಿಸಿಯಾದದ್ದು ಮೀಟರ್ ಸಹಾಯಕನೊಬ್ಬನಿಗೆ. ಎರಡೂ ಮಹಡಿಗಳ ಕರೆಂಟ್ ಮೀಟರ್ ನೋಡಿ ಬರೆದುಕೊಳ್ಳುವುದು ಅವನ ಕೆಲಸ. ಅವನ ಹೆಂಡತಿ ಮೇಲ್ಮಹಡಿಯಲ್ಲಿ ಟೈಪಿಸ್ಟು. ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬಂದ ಗಂಡಹೆಂಡಿರು ಮಧ್ಯಾಹ್ನದ ಹೊತ್ತಿಗೆ ಬೇರೆ ಬೇರೆ ದೇಶದವರಾಗಿದ್ದರು.

"ತಲೆ ಕೆಡಿಸ್ಕೋಬೇಡಿ," ಎಂದಳು ಅವಳು, ಮೆಟ್ಟಿಲ ತಿರುವಿನಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಾ. "ಹೊರದೇಶದ ಅಳಿಯ ಬೇಕು ಅಂತ ನಮ್ಮಪ್ಪ ಒಂದೇ ಸಮ ಹಠ ಹಿಡಿದಿದ್ರು. ಈಗ ಅವರ ಆಸೆ ತೀರ್ತು ಬಿಡಿ."

ನಕ್ಕಳೇನೋ ನಿಜ. ಆದರೆ ತುಂಬು ಬಸುರಿ, ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮೇಲ್ಮಹಡಿಗೆ ತಗಡಿನ ಮಾಡು, ಫ್ಯಾನಿಲ್ಲ. ಫ್ಯಾನು ಹಾಕಿದರೆ ಕಾಗದಗಳು ಹಾರಿಹೋಗುತ್ತವೆಂದು ಹಿಂದಿನ ನಿರ್ದೇಶಕರೊಬ್ಬರು ತೀರ್ಮಾನಿಸಿದ್ದರು. ಕೆಳಗಡೆ ನಿರ್ದೇಶಕರ ಕೋಣೆಗೊಂದು ಎ.ಸಿ., ಸಭಾಂಗಣಕ್ಕೊಂದು, ಆ ಕೋಣೆಯಿಂದ ಸಭಾಂಗಣಕ್ಕೆ ನಡೆಯುವ ದಾರಿಗೊಂದು. ಅಲ್ಲಿ ಕಾಗದ ಹಾರುವ ಪ್ರಶ್ನೆ ಇರಲಿಲ್ಲ, ಕಾಗದವೆಲ್ಲ ಮೇಲಿತ್ತು.

ಬಿಸಿಲು ಏರಿತು. ಸ್ವದೇಶದ ಮೀಟರ್ ಗಿರ್ರನೆ ತಿರುಗಿತು. ನೆರೆದೇಶದ ಮೀಟರ್ ನಿಂತಲ್ಲೇ ನಿಂತಿತ್ತು. ಅಲ್ಲಿದ್ದ ಒಂದೇ ಬಲ್ಬನ್ನು ಹಗಲಿನಲ್ಲಿ ಯಾರೂ ಹಾಕುತ್ತಿರಲಿಲ್ಲ. ನಿರ್ದೇಶಕರು ಎರಡನ್ನೂ ನೋಡಿ ತಲೆದೂಗಿದರು.

"ನೋಡಿದ್ಯೇನಯ್ಯಾ? ಎಷ್ಟೇ ಬಿಸಿಲಾದರೂ ನೆರೆದೇಶದವರಿಗೆ ತಂಪಿನ ಬೇಡಿಕೆಯೇ ಇಲ್ಲ. ಗಟ್ಟಿ ಜನ."

"ಬೇಡಿಕೆ ಇದೆ ಸರ್, ಫ್ಯಾನು ಹಾಕೋಕೆ ಸ್ವಿಚ್ಚಿಲ್ಲ," ಎಂದ ಸಹಾಯಕ.

"ಅದನ್ನೇ ನಾನು ಹೇಳ್ತಿರೋದು. ಸ್ವಿಚ್ಚೂ ಬೇಕಾಗಿಲ್ಲ ಅವರಿಗೆ."

"ಸರ್, ನನ್ನ ಹೆಂಡತಿ ಬಸುರಿ. ಒಂದು ಫ್ಯಾನು ಕೊಡಿಸಿದ್ರೆ..."

"ಹೋಲಿಕೆ ನಡೀತಿರುವಾಗ ಒಂದು ದೇಶದ ಆಂತರಿಕ ವಿಷಯದಲ್ಲಿ ನಾವು ಕೈ ಹಾಕಬಾರದಪ್ಪ," ಎಂದರು ನಿರ್ದೇಶಕರು, ಮೃದುವಾಗಿಯೇ.

ಆ ವಾರವೇ ಅವಳು ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಎಚ್ಚರ ತಪ್ಪಿದಳು. ಪಕ್ಕದವಳು ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದಳು. ಘಟನೆಯನ್ನು ದಿನದ ವರದಿಯಲ್ಲಿ ಕ್ರಮಬದ್ಧವಾಗಿ ದಾಖಲಿಸಲಾಯಿತು: "ಎಚ್ಚರವಿಲ್ಲದ ಅವಧಿಯಲ್ಲಿ ಸದರಿ ಪ್ರಜೆಯಿಂದ ಯಾವುದೇ ಬೇಡಿಕೆ ಬಂದಿರುವುದಿಲ್ಲ."

ಮರುದಿನ ಸಹಾಯಕ ಮನೆಯಲ್ಲಿ ತಾಯಿಯ ಮಂಚದ ಪಕ್ಕ ತಿರುಗುತ್ತಿದ್ದ ಟೇಬಲ್ ಫ್ಯಾನನ್ನು ಚೀಲದಲ್ಲಿ ಹಾಕಿಕೊಂಡು ಬಂದ. ತಾಯಿ ಬಾಯಿಗೆ ಬಂದಂತೆ ಬೈದರು, ಬೈಸಿಕೊಂಡೇ ಬಂದ. ಬಲ್ಬಿನ ಹೋಲ್ಡರಿನಿಂದ ವೈರು ಎಳೆದು, ಹೆಂಡತಿಯ ಮೇಜಿನ ಕಾಲ ಬಳಿ ಫ್ಯಾನು ಇಟ್ಟ. ಅವಳು ಕಣ್ಣು ಮುಚ್ಚಿ, "ಅಬ್ಬಾ, ಜೀವ ಬಂತು ಕಣ್ರೀ," ಎಂದಳು. ಅವನು ಫ್ಯಾನನ್ನು ಅವಳ ಕಡೆಗೆ ಇನ್ನಷ್ಟು ತಿರುಗಿಸಿದ.

ಕಷ್ಟವೆಂದರೆ, ಮೀಟರ್ ನೋಡುವವನೂ ಅವನೇ. ಕಂಡದ್ದನ್ನು ಬರೆಯದೆ ಬಿಡುವುದು ಅವನ ಜಾಯಮಾನವಲ್ಲ. ಬರೆದ.

ನಿರ್ದೇಶಕರು ತುರ್ತು ಸಭೆ ಕರೆದರು. "ನೆರೆದೇಶದ ಬೇಡಿಕೆ ಸೊನ್ನೆ ಇದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಹೀಗೆ ಏರಿದೆ. ಇದೇ ವೇಗದಲ್ಲಿ ಏರಿದರೆ ಭೂಮಿಯ ಗತಿ ಏನು? ಅವರು ಸ್ವಲ್ಪ ಹೊಣೆ ಅರಿತು ನಡೆದುಕೊಳ್ಳಬೇಡವೇ?" ಸಭೆ ಕಳವಳ ವ್ಯಕ್ತಪಡಿಸಿತು. ಸಭಾಂಗಣ ಬಿಸಿಯಾದಂತೆ ಕಂಡದ್ದರಿಂದ ಎ.ಸಿ.ಯನ್ನು ಇನ್ನಷ್ಟು ಏರಿಸಲಾಯಿತು. ಗಡಿ ದಾಟಿ ಬಂದ ಫ್ಯಾನನ್ನು ಕಳ್ಳಸಾಗಣೆ ಮಾಲೆಂದು ಜಪ್ತಿ ಮಾಡಿ ನಿರ್ದೇಶಕರ ಕೋಣೆಯಲ್ಲಿ ಇಡಲಾಯಿತು. ಸುಮ್ಮನೆ ಇಟ್ಟರೆ ತುಕ್ಕು ಹಿಡಿಯುತ್ತದೆಂದು ಅಲ್ಲಿ ಅದನ್ನು ತಿರುಗಿಸಲೂ ಆಯಿತು.

ಅಂತಿಮ ವರದಿ ಮಳೆಗಾಲಕ್ಕೆ ಮುಂಚೆಯೇ ಹೋಯಿತು. ತಾಪ ಏರಿದಂತೆ ಸ್ವದೇಶಕ್ಕೆ ತಂಪು ಹೆಚ್ಚು ಹೆಚ್ಚು ಬೇಕಾಗುತ್ತದೆ, ನೆರೆದೇಶಕ್ಕೆ ಬೇಕಾಗುವುದಿಲ್ಲ ಎಂಬುದು ಅದರ ಸಾರ. ಮೇಲಧಿಕಾರಿಗಳು ಮೆಚ್ಚಿ ಇನ್ನೊಂದು ಎ.ಸಿ. ಮಂಜೂರು ಮಾಡಿದರು. ಅದರ ಬಿಸಿಗಾಳಿ ಉಗುಳುವ ಪೆಟ್ಟಿಗೆಯನ್ನು ಕೂರಿಸಲು ಸರಿಯಾದ ಜಾಗ ಸಿಕ್ಕಿದ್ದು ಸಹಾಯಕನ ಹೆಂಡತಿಯ ಕಿಟಕಿಯ ಕೆಳಗೆ. ಅಷ್ಟರಲ್ಲಿ ಅವಳಿಗೆ ಹೆರಿಗೆ ರಜೆ ಸಿಕ್ಕಿತ್ತು, ಆದ್ದರಿಂದ ಆಕ್ಷೇಪಣೆ ಬರಲಿಲ್ಲ.

ಸಹಾಯಕನನ್ನೂ ಮರೆಯಲಿಲ್ಲ. ಸ್ವಂತ ಹೆಂಡತಿಯೆಂದೂ ನೋಡದೆ ಮೀಟರ್ ಬರೆದ ನಿಷ್ಠೆಗಾಗಿ ಶಾಲು ಹೊದಿಸಿ ಬಹುಮಾನವೊಂದನ್ನು ಕೊಟ್ಟರು: ಟೇಬಲ್ ಫ್ಯಾನು. ಬುಡದಲ್ಲಿದ್ದ ಗೀರು ನೋಡಿ ಅದು ತನ್ನದೇ ಎಂದು ಗುರುತು ಹಿಡಿದ. ಆದರೂ ಚಪ್ಪಾಳೆಯ ನಡುವೆ ಅದು ಹೊಸದರಂತೆಯೇ ಕಂಡಿತು.

ಮನೆಗೆ ಬಂದಾಗ ನಡುಮನೆಯಲ್ಲಿ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ತಾಯಿ ಕೂತಿದ್ದರು. ದಿನ ತುಂಬಿದ ಹೆಂಡತಿ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದಳು, ಒಂದು ಕೈ ಸೊಂಟದ ಮೇಲೆ. ಫ್ಯಾನು ಕಂಡದ್ದೇ ಅವಳ ಮುಖ ಅರಳಿತು.

"ಬಂತಾ! ರೀ, ಅದನ್ನ ಇಲ್ಲಿಡ್ರೀ."

"ಅಯ್ಯೋ, ಅಲ್ಲಿ ಗಾಳಿ ಹಾಕಿದ್ರೆ ಒಲೆ ಉಳಿಯುತ್ತೇನೋ?" ಎಂದರು ತಾಯಿ. "ಆರಿಹೋಗುತ್ತೆ. ಇಲ್ಲಿಡು, ನನ್ನ ಕಾಲ ಕಡೆ."

ಸಹಾಯಕ ಫ್ಯಾನು ಹಿಡಿದು ಹೊಸ್ತಿಲಲ್ಲಿ ನಿಂತ. ಎರಡೂ ಕಡೆ ನೋಡಿದ.

"ಅಲ್ಲಾ ಕಣೇ," ಎಂದ ಕೊನೆಗೆ, ಕೆಲಸ ಬಲ್ಲವನ ಗಾಂಭೀರ್ಯದಿಂದ. "ಮದುವೆಯಾಗಿ ಇಷ್ಟು ವರ್ಷವಾಯ್ತು. ಅಡುಗೆಮನೆಯಿಂದ ಒಂದು ಸಲವಾದರೂ ಬೇಡಿಕೆ ಬಂದಿತ್ತಾ?"

ಅವಳು ಅವನನ್ನೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಲ್ಲ ಬಿಡಿ," ಎಂದಳು. "ಇಲ್ಲಿ ಸ್ವಿಚ್ಚೂ ಇಲ್ಲ."

ಒಲೆಯ ಸೆಖೆ ನಡುಮನೆಗೆ ಬರಬಾರದೆಂದು ಅಡುಗೆಮನೆಯ ಬಾಗಿಲನ್ನು ಅವಳೇ ಮುಂದೆ ಮಾಡಿಕೊಂಡಳು.