ಗಂಟೆಗೆ ನೂರಹತ್ತರ ನಡುಕ

ನನ್ನದು ಬಹಳ ಸ್ಥಿರವಾದ ಕೈ. ಜಂಬಕ್ಕೆ ಹೇಳುತ್ತಿಲ್ಲ. ಸೂಜಿಗೆ ಒಂದೇ ಸಲಕ್ಕೆ ನೂಲು ಪೋಣಿಸುವ ಹುಡುಗಿ ಎಂದು ಕಾನ್ವೆಂಟಿನ ಹೊಲಿಗೆ ಸಿಸ್ಟರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ ಇಡೀ ಕ್ಲಾಸಿಗೆ ತೋರಿಸಿದ್ದರು. ಹೊಸ ಸ್ಟೀಲ್ ತಟ್ಟೆಯ ತಳಕ್ಕೆ ಅಂಗಡಿಯವರು ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ಒಂದು ಗೀರೂ ಬೀಳದಂತೆ ಎಬ್ಬಿಸುವುದರಲ್ಲಿ ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ವಿಲ್ಲಾದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮೇಲಿನ ಮಹಡಿಯ ಹಲೀಮಕ್ಕ ಹೊಸ ಪಾತ್ರೆ ಕೊಂಡರೆ ಮೊದಲು ನನ್ನ ಹತ್ತಿರವೇ ತರುತ್ತಾರೆ.

ಇಂಥ ಕೈಗೆ ಈ ವರ್ಷ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಎಷ್ಟನೆಯ ಟೆಸ್ಟಿನಲ್ಲಿ ಸಿಕ್ಕಿತು ಎಂಬುದು ಕುಟುಂಬದ ಆಂತರಿಕ ವಿಚಾರ.

ಲೈಸೆನ್ಸ್ ಸಿಕ್ಕಿದ್ದರಿಂದ ನನಗೊಂದು ಕೆಲಸವೂ ಸಿಕ್ಕಿತು. ದುಬೈಯ ಊದ್ ಮೇಥಾದಲ್ಲಿ ನಮ್ಮವರ ಒಂದು ಕ್ಲಬ್ಬಿನಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಪಾಠ. ಅಲ್ಲಿದ್ದ ಟೀಚರ್ ಊರಿಗೆ ಹೋದ ಮೇಲೆ ನನ್ನನ್ನು ಕೇಳಿದರು. ಇಂಗ್ಲಿಷಿನಲ್ಲಿ ಮಾತಾಡದಿದ್ದರೆ ದಂಡ ಹಾಕುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ಈಗ ಕನ್ನಡದ ಟೀಚರ್! ನನ್ನ ಗಂಡ ಕೆಲಸ ಮಾಡುವುದು ಅತ್ತ, ದೂರದ ಮರುಭೂಮಿಯ ಊರು ಮದೀನತ್ ಜಾಯೆದಿನಲ್ಲಿ. ವಾರವಿಡೀ ಅಲ್ಲೇ ಇದ್ದು ಶುಕ್ರವಾರ ಸಂಜೆ ಮನೆಗೆ ಬರುತ್ತಾರೆ. ಶನಿವಾರ ಅವರನ್ನು ಎಬ್ಬಿಸಿ ದುಬೈಗೆ ಹೊರಡಿಸುವ ಧೈರ್ಯ ಯಾರಿಗೂ ಇಲ್ಲ. "ನೀನೇ ಕಾರು ಓಡಿಸಿಕೊಂಡು ಹೋಗುವುದಾದರೆ ಹೋಗು" ಎಂದರು. ಅಷ್ಟು ಸಾಕಾಯಿತು. ಮದುವೆಯಾದ ಮೇಲೆ ಮೊದಲ ಬಾರಿಗೆ, ಯಾರ ತಾಯಿಯೂ ಯಾರ ಹೆಂಡತಿಯೂ ಆಗಿರದೆ ನಾನು ಹೋಗಬಹುದಾದ ಒಂದು ಜಾಗ ನನಗೆ ಸಿಕ್ಕಿತ್ತು.

ಪಾಠ ಶುರುವಾಗುವ ಮೊದಲು ಆಯುಧಪೂಜೆ ಬಂತು. ನಮ್ಮದು ಹಳೆಯ ಮಾಲೀಕರಿಂದ ಕೊಂಡ ಕಾರು. ದಿನವೂ ಅದನ್ನು ಒರೆಸುವವನು ವಿಲ್ಲಾದ ಕಾವಲುಗಾರ, ಇಲ್ಲಿಯವರ ಬಾಯಲ್ಲಿ ನಾತೂರ್. ಪೂಜೆಗೆ ಕೂರುವ ಕಾರನ್ನು ಒರೆಸಿದರೆ ಸಾಲದು, ಮೀಯಿಸಬೇಕು ಎಂದು ಅವನಿಗೆ ರಜೆ ಕೊಟ್ಟು ನಾನೇ ಸೆರಗು ಸಿಕ್ಕಿಸಿ ಕಾಂಪೌಂಡಿಗೆ ಇಳಿದೆ. ಕಿಟಕಿಯ ಸಂದಿಯ ಮರಳು, ಸೀಟಿನ ಸಂದಿಯ ಚಿಪ್ಸು, ಚಕ್ರದ ಒಳಗೆಲ್ಲ ವರ್ಷಗಳಿಂದ ಅಂಟಿಕೊಂಡಿದ್ದ ಕೊಳೆ, ಒಂದನ್ನೂ ಬಿಡಲಿಲ್ಲ. ಕೈ ಹೋಗದ ಕಡೆ ದೋಸೆ ಎಬ್ಬಿಸುವ ಸಟ್ಟುಗ ಹೋಯಿತು. ತೆಂಗಿನಕಾಯಿಯನ್ನು ರಸ್ತೆಯಲ್ಲಿ ಒಡೆದರೆ ದಂಡ ಬಿದ್ದೀತೆಂದು ಅಡುಗೆಮನೆಯ ಸಿಂಕಿನಲ್ಲಿ ಒಡೆದು, ನೀರನ್ನು ಲೋಟದಲ್ಲಿ ತಂದು ಬಾನೆಟ್ಟಿಗೆ ಚಿಮುಕಿಸಿದೆ. ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್ ಎಲ್ಲಕ್ಕೂ ಕುಂಕುಮ. ವಾಷಿಂಗ್ ಮೆಷಿನಿಗೆ ಒಂದು ಕಾಲು ಕುಂಟು. ಬಟ್ಟೆ ಹಿಂಡುವಾಗ ಅದು ಕುಣಿಯುತ್ತ ಬಾಗಿಲ ತನಕ ಬರುತ್ತಿತ್ತು. ಆ ದಿನ ಅದಕ್ಕೂ ಏನೋ ಒಂದು ಕೊಟ್ಟು ಕೂರಿಸಿದೆ. ಅಂದಿನಿಂದ ಅದು ಸಾಧ್ವಿಯಂತೆ ಒಂದೇ ಕಡೆ ನಿಂತಿತು. ಆ ಸಂಜೆ ನನ್ನಷ್ಟು ತೃಪ್ತಳಾದ ಗೃಹಿಣಿ ಅಬುಧಾಬಿಯಲ್ಲಿ ಇನ್ನೊಬ್ಬಳಿರಲಿಲ್ಲ!

ಮೊದಲ ಶನಿವಾರ ದುಬೈ ಹೆದ್ದಾರಿ ಹತ್ತಿದೆ. ಎಂಬತ್ತರಲ್ಲಿ ಕಾರು ಹಂಸದಂತೆ ಹೋಯಿತು. ನೂರರಲ್ಲಿ ಸ್ಟೇರಿಂಗ್ ಏನೋ ಗುಟ್ಟು ಹೇಳುವಂತೆ ಮೆಲ್ಲಗೆ ಅದುರಿತು. ನೂರಹತ್ತು ಮುಟ್ಟಿದ್ದೇ ತಡ, ಚಳಿಜ್ವರ ಬಂದವರಂತೆ ಗಡಗಡ ನಡುಗತೊಡಗಿತು. ನನ್ನ ಬಳೆಗಳು ತಾವಾಗಿ ಕಿಣಿಕಿಣಿ ಎಂದವು. ನಿಧಾನಿಸಿದೆ, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಕಿಣಿಕಿಣಿ!

ಅಂದು ಮಧ್ಯಾಹ್ನ ಗಂಡನಿಗೆ ವರದಿ ಒಪ್ಪಿಸಿದೆ. ಅವರು ಗಂಭೀರವಾಗಿ ಕಾರು ಹತ್ತಿ, ಖಲೀಫಾ ಸಿಟಿಯ ಹಂಪುಗಳ ನಡುವೆ ಅರವತ್ತರಲ್ಲಿ ಒಂದು ಸುತ್ತು ಹಾಕಿ ಬಂದರು.

"ಎಂತ ನಡುಕ? ಬೆಣ್ಣೆಯ ಹಾಗೆ ಹೋಗ್ತಾ ಉಂಟಲ್ಲ ಮಾರಾಯ್ತಿ!"

"ನೂರಹತ್ತರಲ್ಲಿ ನೋಡಬೇಕು."

"ಕಾರಿಗೆ ಅರವತ್ತರಲ್ಲಿ ಇಲ್ಲದ ರೋಗ ನೂರಹತ್ತರಲ್ಲಿ ಬರ್ತದಾ? ನಿನಗೆ ಹೆದರಿಕೆ, ಸುಮಾ. ನಡುಗುವುದು ನಿನ್ನ ಕೈ. ಪಾಪ, ಸ್ಟೇರಿಂಗ್ ಎಂತ ಮಾಡ್ತದೆ?"

ಮಗಳು ಮೊಬೈಲಿನಿಂದ ತಲೆಯೆತ್ತದೆ "ಅಮ್ಮಾ, ರಿಲ್ಯಾಕ್ಸ್" ಎಂದಳು. ವಿಚಾರಣೆ ಮುಗಿಯಿತು.

ಮುಂದಿನದು ಈಗ ಯೋಚಿಸಿದರೆ ವಿಚಿತ್ರ. ನಾನು ಅದನ್ನು ನಂಬಿಬಿಟ್ಟೆ! ಕಬ್ಬಿಣ, ರಬ್ಬರು, ಇಂಜಿನ್ನು ಎಲ್ಲ ಸೇರಿದ ಅಷ್ಟು ದೊಡ್ಡ ಯಂತ್ರಕ್ಕಿಂತ ನನ್ನ ಎರಡು ಕೈಗಳ ಮೇಲೆ ಸಂಶಯ ಪಡುವುದು ನನಗೇ ಸುಲಭವಾಗಿ ಕಂಡಿತು. ಹೆಂಗಸು ಸ್ಟೇರಿಂಗ್ ಹಿಡಿದಾಗ ಏನಾದರೂ ನಡುಗಿದರೆ ಅದು ಹೆಂಗಸೇ ಇರಬೇಕು ಎಂದು ನನಗೆ ಯಾರು, ಯಾವಾಗ ಕಲಿಸಿದರೋ ನೆನಪಿಲ್ಲ. ಕಾಫಿ ಬಿಟ್ಟೆ. ದಿನವೂ ಬೆಳಿಗ್ಗೆ ಎದ್ದು ಸೂಜಿಗೆ ನೂಲು ಪೋಣಿಸಿ ಪರೀಕ್ಷೆ ಮಾಡಿಕೊಂಡೆ. ನೂಲು ಒಂದೇ ಸಲಕ್ಕೆ ಹೋಗುತ್ತಿತ್ತು. ಆದರೂ ಸಮಾಧಾನವಿಲ್ಲ. ಸೂಜಿ ಗಂಟೆಗೆ ನೂರಹತ್ತರಲ್ಲಿ ಓಡುವುದಿಲ್ಲವಲ್ಲ!

ಮುಂದಿನ ಶನಿವಾರಗಳಲ್ಲಿ ಬಲಗಡೆಯ ಕೊನೆಯ ಲೇನಿನಲ್ಲಿ ಲಾರಿಗಳ ನಡುವೆ ಎಂಬತ್ತರಲ್ಲಿ ಹೋದೆ. ಸಿಮೆಂಟು ಲಾರಿಯವರೂ ನನ್ನನ್ನು ಕನಿಕರದಿಂದ ನೋಡುತ್ತ ದಾಟಿಹೋದರು. ಪಾಠಕ್ಕೆ ಪ್ರತಿಸಲವೂ ತಡ. ಬಾಗಿಲಲ್ಲೇ ಒಬ್ಬ ಪುಟ್ಟ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದಳು.

"ಮಿಸ್, ಯು ಆರ್ ಲೇಟ್ ಅಗೇನ್!"

"ಕನ್ನಡದಲ್ಲಿ ಹೇಳು, ಚಿನ್ನಾ."

ಅವಳು ಕಣ್ಣು ಮುಚ್ಚಿ ಹುಡುಕಿದಳು. "ಮಿಸ್... ನೀವು... ತಡ... ಅಗೇನ್!"

ನನಗೆ ಮುದ್ದಾಡುವಷ್ಟು ಸಂತೋಷವಾಯಿತು. ಆದರೆ ಅವಳ ಹಿಂದೆ ಪಾಠದ ಮೇಲ್ವಿಚಾರಣೆಯ ಆಂಟಿ ನಿಂತಿದ್ದರು. "ಸುಮಾ, ಬೇಜಾರು ಮಾಡ್ಕೊಳ್ಬೇಡಿ. ಮಕ್ಕಳ ತಂದೆತಾಯಿ ಕೇಳ್ತಿದ್ದಾರೆ. ಇನ್ನೂ ಹೀಗೇ ತಡವಾದರೆ ಇಲ್ಲೇ ದುಬೈಯಲ್ಲಿರುವ ಯಾರನ್ನಾದರೂ ನೋಡಬೇಕಾಗ್ತದೆ" ಎಂದರು. ಹಿಂತಿರುಗುವ ದಾರಿಯಲ್ಲಿ ಲಾರಿಗಳು ಸ್ವಲ್ಪ ಮಂಜಾಗಿ ಕಂಡವು.

ಹಲೀಮಕ್ಕನ ಮುಂದೆ ಅತ್ತುಬಿಟ್ಟೆ. ಉಡುಪಿಯ ಕಡೆಯ ಬ್ಯಾರಿ ಹೆಂಗಸು. ಅವರಿಗೆ ಕಣ್ಣೀರೆಂದರೆ ಆಗದು. "ಅಳುವುದು ಎಂತಕ್ಕೆ? ಡಿಕ್ಕಿಯಲ್ಲಿ ಎಂತ ಉಂಟು ತೋರಿಸು" ಎಂದರು. ತೆರೆದರೆ ಒಂದು ಚೀಲ ಕುಚ್ಚಲಕ್ಕಿ, ತೆಂಗಿನಕಾಯಿ, ಕೇರಂ ಬೋರ್ಡು, ಕಳೆದ ಬೇಸಿಗೆಯ ಪಿಕ್ನಿಕ್ ಕುರ್ಚಿಗಳು. "ಇದು ಕಾರಾ, ದಿನಸಿ ಅಂಗಡಿಯಾ? ಇಷ್ಟು ಹೊತ್ತರೆ ನಾನೂ ನಡುಗಿಯೇನು!" ಎಲ್ಲ ಇಳಿಸಿದೆವು. ನಡುಕ ಇಳಿಯಲಿಲ್ಲ.

"ಸುಮಾ, ಗಂಡಸರು ಸಾಕ್ಷಿ ಇಲ್ಲದೆ ನಂಬುವುದಿಲ್ಲ" ಎಂದು ಹೇಳಿ ಗುರುವಾರ ಅವರೇ ಸ್ಟೀಲ್ ಲೋಟದ ತುಂಬ ಮಜ್ಜಿಗೆ ತಂದು ಕಾರಿನಲ್ಲಿ ನನ್ನ ಪಕ್ಕ ಕುಳಿತರು.

"ಮಜ್ಜಿಗೆ ಯಾಕೆ ಹಲೀಮಕ್ಕ? ನೀರು ಸಾಲದಾ?"

"ನೀರು ಒಣಗಿಹೋಗ್ತದೆ. ಕಪ್ಪು ಅಬಾಯಾದ ಮೇಲೆ ಮಜ್ಜಿಗೆಯ ಕಲೆ ನಿನ್ನ ಗಂಡ ಬರುವವರೆಗೂ ನಿಲ್ತದೆ. ಯಲ್ಲಾ, ಕಾರು ಬಿಡು!"

ಎಂಬತ್ತರಲ್ಲಿ ಮಜ್ಜಿಗೆ ಧ್ಯಾನಸ್ಥವಾಗಿತ್ತು. ನೂರರಲ್ಲಿ ಅಲೆಗಳೆದ್ದವು. ನೂರಹತ್ತರಲ್ಲಿ ಒಗ್ಗರಣೆಯ ಕರಿಬೇವಿನ ಸಮೇತ ಹಾರಿತು!

"ಸಾಕು, ಸಾಕು! ಸಾಕ್ಷಿ ಪೂರ್ತಿ ನನ್ನ ಮಡಿಲಿಗೆ ಬಂತು!"

ಶುಕ್ರವಾರ ಸಂಜೆ ನನ್ನ ಗಂಡ ಗೇಟಿನೊಳಗೆ ಕಾಲಿಡುವಾಗ ಮೆಟ್ಟಿಲ ಮೇಲೆ ಹಲೀಮಕ್ಕ ಮಡಚಿದ ಅಬಾಯಾ ಹಿಡಿದು ನಿಂತಿದ್ದರು. "ಅಣ್ಣಾ, ಇದನ್ನು ನೋಡಿ. ನಡುಗಿದ್ದು ಸುಮಾನ ಕೈಯಾದರೆ ಲೋಟ ಹಿಡಿದ ನನ್ನ ಕೈಯಿಂದ ಮಜ್ಜಿಗೆ ಚೆಲ್ಲಿದ್ದು ಹೇಗೆ?"

ನನ್ನ ಗಂಡ ಚಹಾ ಕೂಡ ಕುಡಿಯದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೊರಟರು. ನೂರಹತ್ತು ಬಂತು. ಅವರ ಕೈ, ಕೈಯ ವಾಚು, ಕೆನ್ನೆ ಎಲ್ಲ ಒಟ್ಟಿಗೆ ನಡುಗಿದವು. ಗಂಡನ ಕೆನ್ನೆ ನಡುಗುವುದನ್ನು ಕಂಡು ಅಷ್ಟೊಂದು ಆನಂದಪಟ್ಟವಳು ನಾನೊಬ್ಬಳೇ ಇರಬೇಕು. ನಡುಗಿದ್ದು ನನ್ನ ಕೈ ಅಲ್ಲ!

ಆನಂದ ಬಹಳ ಹೊತ್ತು ಉಳಿಯಲಿಲ್ಲ. "ಖಲಾಸ್" ಎಂದರು ಅವರು. "ಈಗಲೇ ಗ್ಯಾರೇಜಿಗೆ ಹೋಗುವ. ಇವತ್ತು ಸರಿಯಾಗದಿದ್ದರೆ ನಾಳೆ ದುಬೈ ಇಲ್ಲ. ಬೇರೆ ಟೀಚರನ್ನು ನೋಡಿಕೊಳ್ಳಿ ಅಂತ ಫೋನ್ ಮಾಡಿಬಿಡು. ಪಾಠಕ್ಕಿಂತ ಜೀವ ದೊಡ್ಡದು."

ಮುಸಫ್ಫಾದ ಗ್ಯಾರೇಜಿನಲ್ಲಿ ಚಕ್ರಗಳನ್ನು ಬಿಚ್ಚಿ ಒಂದು ಯಂತ್ರಕ್ಕೆ ಹಾಕಿ ತಿರುಗಿಸಿದರು. ಮಲಯಾಳಿ ಯಜಮಾನ ಇಣುಕಿ ನೋಡಿ ಕೈಯಾಡಿಸಿದ. "ವೇಟ್ ಮಾಫಿ, ಸಾರ್! ನಾಲ್ಕರಲ್ಲೂ ಮಾಫಿ!" ತೂಕದ ತುಂಡು ಒಂದೂ ಇಲ್ಲ ಎಂದು ಅರ್ಥ. ಚಕ್ರ ಎಲ್ಲ ಕಡೆ ಒಂದೇ ತೂಕ ಇರುವುದಿಲ್ಲವಂತೆ. ಹಗುರವಿದ್ದ ಕಡೆ, ಒಳಗೆ, ಚಿಕ್ಕ ತೂಕದ ತುಂಡುಗಳನ್ನು ಅಂಟಿಸಿ ಸರಿದೂಗಿಸುತ್ತಾರಂತೆ. ಅವಿಲ್ಲದಿದ್ದರೆ ಮೆಲ್ಲಗೆ ಹೋಗುವಾಗ ಗೊತ್ತಾಗುವುದಿಲ್ಲ, ವೇಗದಲ್ಲಿ ಗಡಗಡ.

"ತಾನಾಗಿ ಬಿದ್ದಿರಬಹುದಾ?" ಎಂದು ಇವರು ಕೇಳಿದರು.

"ಒಂದು ಬೀಳಬಹುದು. ಎಲ್ಲ ಬೀಳೋದಿಲ್ಲ. ಯಾರೋ ಕಿತ್ತಿದ್ದಾರೆ. ನೀಟಾಗಿ ಕಿತ್ತಿದ್ದಾರೆ, ಒಂದು ಗೀರೂ ಇಲ್ಲ!"

ಅವನು ಡಬ್ಬಿಯಿಂದ ಹೊಸ ತುಂಡುಗಳನ್ನು ತೆಗೆದ. ಬೂದು ಬಣ್ಣ, ಚೌಕಾಕಾರ, ಹಿಂದೆ ಅಂಟು. ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ.

ಇವರು ಆಗಲೇ ಪತ್ತೇದಾರರಾಗಿದ್ದರು. "ದಿನಾ ಕಾರು ಮುಟ್ಟುವವನು ಯಾರು? ನಾತೂರ್! ಕಿತ್ತು ಗುಜರಿಗೆ ಮಾರಿದ್ದಾನೆ. ನನ್ನ ಹೆಂಡತಿ ಹೆದ್ದಾರಿಯಲ್ಲಿ ಸತ್ತೇ ಹೋಗ್ತಿದ್ದಳು! ವಿಲ್ಲಾದ ಅರಬಾಬನಿಗೆ ಈಗಲೇ ಹೇಳ್ತೇನೆ" ಎಂದು ಮಾಲೀಕನ ನಂಬರು ಹುಡುಕತೊಡಗಿದರು. ಮಾಲೀಕನ ಒಂದು ಮಾತಿಗೆ ಆ ಮನುಷ್ಯ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

"ಫೋನ್ ಇಡಿ. ಅವನಲ್ಲ."

"ಮತ್ತೆ ಎಲ್ಲಿ ಹೋಯ್ತು ಅದು?"

ಕಾನ್ವೆಂಟಿನಲ್ಲಿ ಕಲಿಸಿದಂತೆ ನೇರ ನಿಂತು, ಕೈಕಟ್ಟಿ ಹೇಳಿದೆ. "ವಾಷಿಂಗ್ ಮೆಷಿನಿನ ಕಾಲಡಿಯಲ್ಲಿ ಉಂಟು."

ಇವರು ಫೋನ್ ಕೆಳಗಿಳಿಸಿದರು.

"ಪೂಜೆಯ ದಿನ ಕಿತ್ತೆ. ತಟ್ಟೆಯ ಚೀಟಿಯ ಹಾಗೆ, ಅಂಗಡಿಯವರು ತೆಗೆಯದೇ ಬಿಟ್ಟದ್ದು ಅಂದುಕೊಂಡೆ. ಸಟ್ಟುಗದಲ್ಲಿ ಚೆನ್ನಾಗಿ ಎದ್ದು ಬಂತು. ಬಿಸಾಡಲು ಮನಸ್ಸಾಗಲಿಲ್ಲ..."

ಬೈಯುತ್ತಾರೆಂದು ಕಾದೆ. ಅವರು ಹಳೆಯ ಟೈರುಗಳ ರಾಶಿಯ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೊನೆಗೆ ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ಒಂದು ಗೀರೂ ಇಲ್ಲವಂತೆ ಮಾರಾಯ್ತಿ! ಈ ಕೈ ನಡುಗ್ತದೆ ಅಂತ ನಾನು ಹೇಳಬಾರದಿತ್ತು" ಎಂದರು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶಸ್ತಿ ಅದು. ಪಡೆದದ್ದು ಯಾವ ಸಾಧನೆಗೆ ಎಂಬುದನ್ನು ಮಾತ್ರ ಹೊರಗೆ ಹೇಳುವ ಹಾಗಿಲ್ಲ.

ಶನಿವಾರ ನೂರಿಪ್ಪತ್ತರಲ್ಲಿ ಹೋದೆ. ಬಳೆಗಳು ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ಕಾಯಲು ಆ ಪುಟ್ಟ ಹುಡುಗಿಯೇ ಇನ್ನೂ ಬಂದಿರಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಾನೇ ನಿಂತೆ.

ಮಧ್ಯಾಹ್ನ ಮನೆಗೆ ಬಂದರೆ ಒಳಗಿನಿಂದ ಧಡಧಡ ಸದ್ದು. ಆಫೀಸಿನವರಿಗೆ ತೋರಿಸಲೇಬೇಕು ಎಂದು ಇವರು ಆ ಬೂದು ತುಂಡುಗಳನ್ನು ಕಾಲಡಿಯಿಂದ ತೆಗೆದಿಟ್ಟುಕೊಂಡಿದ್ದರು. ಬಟ್ಟೆ ಹಿಂಡುತ್ತ ವಾಷಿಂಗ್ ಮೆಷಿನ್ ಗಡಗಡ ನಡುಗುತ್ತ ಬಾಗಿಲು ದಾಟಿ ಹಾಲಿಗೆ ಬಂದಿತ್ತು. ಮೇಲಿನಿಂದ ಹಲೀಮಕ್ಕ ಕೂಗಿದರು.

"ಎಂತ ಸುಮಾ, ಈಗ ಅದೂ ದುಬೈಗೆ ಹೊರಟಿತಾ?"

"ಇಲ್ಲ ಹಲೀಮಕ್ಕ, ಅದಕ್ಕೆ ಲೈಸೆನ್ಸ್ ಇಲ್ಲ" ಎಂದೆ.

ನನಗೆ ಇದೆ. ಆ ಮೆಷಿನಿಗೂ ನನಗೂ ಅದೊಂದೇ ವ್ಯತ್ಯಾಸ!