ಯಜಮಾನರು ಬ್ಯಾಟರಿ ತುಂಬಿಸಿದ್ದು

"ಎಲೆಕ್ಟ್ರಿಷಿಯನ್‌ನ ಕರೀರಿ. ಇವತ್ತೊಂದು ದಿನ ನಿಮ್ಮ ತಲೆ ಓಡಿಸ್ಬೇಡಿ," ಎಂದು ಹೆಂಡತಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದಳು. ಹಾಗೆಂದ ಮೇಲೆ ಯಜಮಾನರ ತಲೆ ಸುಮ್ಮನಿರುತ್ತದೆಯೇ?

ವಿಷಯ ಗಂಭೀರವಾದದ್ದೇ. ಅವಳ ಕೆಲಸ ಹೋಗಿ ಅರ್ಧ ವರ್ಷವಾಗಿತ್ತು. ಸಂಜೆ ನಾಲ್ಕಕ್ಕೆ ಹೊಸ ಕೆಲಸದ ಸಂದರ್ಶನ, ಅದೂ ಮನೆಯ ಕಂಪ್ಯೂಟರಿನಲ್ಲೇ. ಮೂರರಿಂದ ಕರೆಂಟ್ ಇಲ್ಲವೆಂದು ಪ್ರಕಟಣೆ ಬಂದಿತ್ತು. ಇನ್ವರ್ಟರ್ ಕರೆಂಟೇನೋ ಕೊಡುತ್ತಿತ್ತು, ಬ್ಯಾಟರಿಯನ್ನು ಚಾರ್ಜ್ ಮಾಡುವುದನ್ನು ಮಾತ್ರ ಬಿಟ್ಟಿತ್ತು. (ಯಜಮಾನರೂ ಒಂದು ಕೆಲಸ ಮಾಡಿದರೆ ಇನ್ನೊಂದನ್ನು ಬಿಡುವವರೇ, ಆ ಮಾತು ಬೇರೆ.)

ಚಪ್ಪಲಿ ಅಂಗಡಿಯ ಮ್ಯಾನೇಜರಾದ ಯಜಮಾನರು ರಜೆ ಹಾಕಿ, ಗ್ಯಾರೇಜುಗಳನ್ನೆಲ್ಲ ಅಲೆದು, ಎರಡೂವರೆಗೆ ದೊಡ್ಡದೊಂದು ಚಾರ್ಜರ್ ಹೊತ್ತು ತಂದರು. ಕೆಂಪು ಕ್ಲಿಪ್ ಇಲ್ಲಿಗೆ, ಕಪ್ಪು ಕ್ಲಿಪ್ ಅಲ್ಲಿಗೆ. ಕಿಟಕಿ ತೆರೆದರು, ಬೆಂಕಿಕಡ್ಡಿ ಮುಟ್ಟಕೂಡದೆಂದು ರಾಜಾಜ್ಞೆ ಹೊರಡಿಸಿದರು, ಕೈಗೆ ಸಿಕ್ಕ ಪ್ಲಗ್ಗಿಗೆ ವೈರ್ ಸಿಕ್ಕಿಸಿದರು. ಚಾರ್ಜರಿನ ದೀಪ ಹತ್ತಿಕೊಂಡಿತು.

ಮೂರಕ್ಕೆ ಕರೆಂಟ್ ಹೋಯಿತು. ಚಾರ್ಜರಿನ ದೀಪ ಮಾತ್ರ ಉರಿಯುತ್ತಲೇ ಇತ್ತು.

"ನೋಡಿದ್ಯಾ? ಊರಿಗೆಲ್ಲಾ ಕರೆಂಟಿಲ್ಲ, ನಮ್ಮ ಚಾರ್ಜರ್ ನಿಂತಿಲ್ಲ."

"ಅದ್ಹೇಗ್ರೀ ಉರೀತಿದೆ?"

"ನೀನು ಸಂದರ್ಶನಕ್ಕೆ ಓದ್ಕೋ. ಟೆಕ್ನಿಕಲ್ ವಿಷಯ ನನಗೆ ಬಿಡು."

ಸಂದರ್ಶನ ಶುರುವಾಯಿತು. ಯಜಮಾನರು ಬಾಗಿಲ ಹಿಂದೆ ಕಿವಿಗೊಟ್ಟು ನಿಂತರು. ಅವಳು ಎರಡು ಪ್ರಶ್ನೆಗಳಿಗೆ ಸೊಗಸಾಗಿ ಉತ್ತರಿಸಿದಳು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಇನ್ವರ್ಟರ್ ಕುಂಯ್ ಎಂದಿತು. ಕಂಪ್ಯೂಟರ್ ಕಪ್ಪಾಯಿತು.

ಅವಳು ಎದ್ದು ಬಂದು ವೈರಿನ ಜಾಡು ಹಿಡಿದಳು. ಚಾರ್ಜರ್ ಸಿಕ್ಕಿಸಿದ್ದು ಇನ್ವರ್ಟರಿನಿಂದಲೇ ಕರೆಂಟ್ ಬರುವ ಪ್ಲಗ್ಗಿಗೆ. ಕರೆಂಟ್ ಹೋದಾಗಿನಿಂದ ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳುತ್ತಾ ಬರಿದಾಗಿತ್ತು. ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆ ಹಾಗಿರಲಿ, ಅವಳ ಕಣ್ಣಲ್ಲಿ ನೀರು ಕಂಡು ನಿಜವಾಗಿಯೂ ಸಂಕಟವಾಯಿತು.

ಅವಳು ಬೈಯಲಿಲ್ಲ. ಮೊಬೈಲಿನಿಂದ ಮತ್ತೆ ಕರೆ ಮಾಡಿ ಕ್ಷಮೆ ಕೇಳಿದಳು.

"ಪರವಾಗಿಲ್ಲ ಮೇಡಂ, ಮುಂದುವರಿಸೋಣ," ಎಂದಿತು ಆ ಕಡೆಯ ದನಿ. "ಯಾರ ಮಾತೂ ಕೇಳದ ಹಠಮಾರಿಗಳ ಜೊತೆ ಏಗಿ ಅಭ್ಯಾಸ ಇದೆಯಾ?"

ಅವಳು ಯಜಮಾನರನ್ನೇ ದಿಟ್ಟಿಸುತ್ತಾ ಬ್ಯಾಟರಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಆ ಕಡೆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಸೋಮವಾರದಿಂದ ಬನ್ನಿ ಮೇಡಂ. ಒಂದೇ ಒಂದು ಷರತ್ತು. ನಮ್ಮ ಆಫೀಸಲ್ಲೂ ಇನ್ವರ್ಟರ್ ಇದೆ. ನಿಮ್ಮ ಯಜಮಾನ್ರು ಬಿಡೋದಕ್ಕೆ ಬಂದ್ರೆ ಗೇಟಿನ ಆಚೆಗೇ ನಿಂತ್ಕೊಳ್ಳಲಿ."