ಕಡಲಿಗೆ ಚರಗ

ಅಫಜಲಪುರ ತಾಲ್ಲೂಕಿಗೆ ಸಮುದ್ರ ಮಂಜೂರಾದದ್ದು ೧೯೮೯ರ ದಸರೆಯ ಮರುದಿನ. ಪ್ರತಿ ತಾಲ್ಲೂಕೂ ತನ್ನ ಪಾಲಿನ ಕಡಲನ್ನು ಕಾಪಾಡತಕ್ಕದ್ದೆಂದು ಮೇಲಿನಿಂದ ಆದೇಶ ಬಂದಿತ್ತು. ನಮ್ಮಲ್ಲಿ ಕಡಲಿಲ್ಲ ಎಂದರೆ ಅನುದಾನವೂ ಇಲ್ಲ. ಆದ್ದರಿಂದ, ಭೀಮೆ ಕೃಷ್ಣೆಗೂ ಕೃಷ್ಣೆ ಸಮುದ್ರಕ್ಕೂ ಸೇರುವ ಕಾರಣ, ಮಣ್ಣೂರದ ಭೀಮಾ ಹೊಳೆದಂಡೆಯೇ ಕಡಲದಂಡೆ ಎಂದು ಠರಾವಾಯಿತು. ಸಮುದ್ರ ಸಂರಕ್ಷಣಾ ಸಮಿತಿಗೆ ಸಕ್ಕರೆ ಕಾರ್ಖಾನೆಯ ಶಾಂತಲಿಂಗಪ್ಪ ಸಾವಕಾರರು ಅಧ್ಯಕ್ಷರಾದರು. ಅವರ ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ. ಮೀನಿನ ವಿಷಯದಲ್ಲಿ ಅವರಷ್ಟು ನಿಷ್ಪಕ್ಷಪಾತಿ ಇನ್ಯಾರು ಸಿಕ್ಕಾರು!

ಸಮಿತಿಯ ಮೊದಲ ಕೆಲಸ, ಮೀನು ಸಾಯುತ್ತಿವೆಯೆಂದು ಮೀನುಗಾರ ಹುಲೆಪ್ಪನ ಬಲೆಯನ್ನು ಜಪ್ತಿ ಮಾಡಿದ್ದು. ಹುಲೆಪ್ಪನಿಗೆ ಇದ್ದದ್ದು ಅದೊಂದೇ ಬಲೆ, ಅದು ಹೊಳೆಗಿಳಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಪಾಪ, ಹುಟ್ಟಿದಾಗಿನಿಂದ ಹೊಳೆಯ ನೀರು ಕುಡಿದ ಮನುಷ್ಯ, ಇಷ್ಟು ದಿನ ತಾನು ಕಡಲಲ್ಲಿ ಕಳವು ಮಾಡುತ್ತಿದ್ದೆನೆಂದು ತಿಳಿದು ದಂಡೆಯ ಮೇಲೆ ನಿಂತು ಹೊಳೆಗೆ ತಪ್ಪಾಯಿತೆಂದ. ಮೀನು ಸಾಯುತ್ತಿರುವುದು ಬಲೆಯಿಂದಲ್ಲ, ಕಾರ್ಖಾನೆಯ ಕೊಳವೆಯಿಂದ ಬೀಳುವ ಕರಿನೀರಿನಿಂದ ಎಂದು ಹೆಂಡತಿ ಮಾಳಮ್ಮ ಗಂಟಲು ಹರಿಯುವಂತೆ ಹೇಳಿದಳು. ಇಬ್ಬರೂ ಸಮಿತಿಯ ಸಭೆಗೇ ಹೋದರು.

ಕಡಲಿಗೆ ಯಾರೂ ಏನನ್ನೂ ಚೆಲ್ಲಕೂಡದು ಎಂಬ ನಿಯಮವನ್ನು ಕಾರ್ಯದರ್ಶಿ ಅಣ್ಣಾರಾಯ ಓದಿದ. ಸಭೆ ಅಧ್ಯಕ್ಷರ ಮುಖ ನೋಡಿತು. ಹುಲೆಪ್ಪನಿಗೆ ಬಲೆ ಸಿಕ್ಕೇಬಿಟ್ಟಷ್ಟು ಸಂತೋಷವಾಯಿತು.

‘ಎಳ್ಳಮಾಸಿಗೆ ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲತೀರಲ್ಲ, ರೊಟ್ಟಿ, ಬಜ್ಜಿ. ಅದನ್ನ ಕಸ ಅಂತೀರೇನ್ರಿ?’ ಸಾವಕಾರರು ಸಮಾಧಾನದಿಂದ ಕೇಳಿದರು.

‘ನೈವೇದ್ಯ ಅಲ್ಲೇನ್ರಿ ಅದು,’ ಎಂದ ಅಣ್ಣಾರಾಯ.

‘ನಮ್ಮ ಕಾರ್ಖಾನಿ ನೀರೂ ಬೆಳಿಯಿಂದನ ಬಂದದ್ದು, ಕಬ್ಬಿಂದು. ನಾವು ಕಡಲತಾಯಿಗೆ ಚರಗ ಚೆಲ್ಲಾಕತ್ತೇವಿ.’

ಸಭೆಗೆ ಮೈ ಜುಮ್ಮೆಂದಿತು. ವರ್ಷಕ್ಕೊಂದೇ ದಿನ ಚರಗ ಚೆಲ್ಲುತ್ತಿದ್ದ ತಮ್ಮ ಜಿಪುಣತನಕ್ಕೆ ಕೆಲವರು ನಾಚಿದರು. ಕೊಳವೆಗೆ ಕುಂಕುಮ ಹಚ್ಚಿ ಕಾಯಿ ಒಡೆಯುವುದೆಂದೂ, ಪಕ್ಕದಲ್ಲಿ ಇನ್ನೊಂದು ಕೊಳವೆ ಹಾಕುವುದೆಂದೂ ನಿರ್ಣಯವಾಯಿತು. ಚರಗ ಉಣ್ಣಲು ಬಂದ ಮೀನುಗಳು ಅತಿಥಿಗಳಾದ್ದರಿಂದ, ಊಟದ ನಡುವೆ ಅವನ್ನು ಬಲೆಯಿಂದ ಎಬ್ಬಿಸುವುದು ಅಪರಾಧ ಎಂದೂ ಸೇರಿಸಿದರು.

ಮಾಳಮ್ಮ ಎದ್ದು ನಿಂತಳು. ‘ಯಪ್ಪಾ, ಉಂಡ ಮ್ಯಾಲ ಅವು ಸಾಯಾಕತ್ತಾವಲ್ರಿ.’

ಅಣ್ಣಾರಾಯ ನಿಯಮದ ಹಾಳೆಯನ್ನು ಮತ್ತೊಮ್ಮೆ ತಿರುವಿ ನೋಡಿದ. ‘ಊಟ ಮುಗದ ಮ್ಯಾಲ ಅವು ಅತಿಥಿ ಅಲ್ಲ. ಅಂಥಾವನ್ನ ನಿನ್ನ ಗಂಡ ಹಿಡೀಲಿ.’

ಹೀಗೆ ಬಲೆ ಮರಳಿ ಸಿಕ್ಕಿತು. ಷರತ್ತು ಒಂದೇ: ಜೀವಂತ ಮೀನು ಸರ್ಕಾರದ್ದು, ಸತ್ತದ್ದು ಹುಲೆಪ್ಪನದು. ಅಪ್ಪಿತಪ್ಪಿ ಜೀವಂತ ಮೀನು ಸಿಕ್ಕು ಬಲೆ ಮತ್ತೆ ಕೈತಪ್ಪೀತೆಂದು ಅವನು ಹೆದರಿ ಹೆದರಿಯೇ ನೀರಿಗಿಳಿದ. ಹಾಗೇನೂ ಆಗಲಿಲ್ಲ. ಆ ಹಂಗಾಮು ಪೂರ್ತಿ ಬಲೆಗೆ ಒಂದೂ ಜೀವಂತ ಮೀನು ಬೀಳಲಿಲ್ಲ, ಬಿದ್ದದ್ದನ್ನು ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲ.

ನಿಯಮವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದವನು ಇಡೀ ಜಿಲ್ಲೆಯಲ್ಲಿಲ್ಲವೆಂದು ಸಮಿತಿಯವರು ದಂಡೆಯ ಮೇಲೇ ಹುಲೆಪ್ಪನಿಗೆ ಶಾಲು ಹೊದಿಸಿದರು. ಹಸಿದ ಹೊಟ್ಟೆಯಲ್ಲೇ ಅವನು ಕೈಮುಗಿದ. ನಾತ ತಡೆಯಲಾರದೆ ಎಲ್ಲರೂ ಮೂಗಿಗೆ ವಸ್ತ್ರ ಹಿಡಿದಿದ್ದರು. ಕಡಲು ಇರುವ ಕಡೆ ಗಾಳಿ ಹೀಗೇ ಇರುತ್ತದೆಂದು ಅಣ್ಣಾರಾಯ ಭಾಷಣದಲ್ಲಿ ತಿಳಿಸಿದ. ಅಲ್ಲಿದ್ದವರಲ್ಲಿ ಯಾರೂ ಕಡಲು ಕಂಡಿರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು. ಹುಲೆಪ್ಪನೂ ಒಪ್ಪಿದ.